ಮೀನಿಗೆ ದಮ್ಮು

ಮಿರಗ ಎಂಬ ಮೃಗಶಿರ ಮಳೆ ಕೂಡುವ ದಿನ ಬೆಳಗ್ಗೆ ಅಮರಗುಂಡಪ್ಪ ಕಣ್ಣು ಬಿಟ್ಟಾಗ ಅವನ ಎರಡೂ ಮೀನುಗಳು ಗಾಜಿನ ಪೆಟ್ಟಿಗೆಯಲ್ಲಿ ಮೇಲಕ್ಕೆ ಬಂದು, ನೀರಿನಿಂದ ಮೂತಿ ಹೊರಗೆ ಚಾಚಿ, ಒಂದರ ಪಕ್ಕ ಒಂದು ನಿಂತು ಬಾಯಿ ಬಡಿಯುತ್ತಿದ್ದವು. ರೇಷನ್ ಅಂಗಡಿಯ ಮುಂದೆ ಮುಂಜಾನೆಯಿಂದ ನಿಂತವರಿಗೆ ಸಕ್ಕರೆ ತೀರಿತೆಂದು ಹೇಳಿದರೆ ಅವರ ಬಾಯಿ ಹೇಗೆ ಆಡುತ್ತದೋ ಹಾಗೆ.

ಕಾರಣ ಸಣ್ಣದು. ಹಿತ್ತಲಿನ ಬಾವಿ ತಳ ಕಂಡಿತ್ತು. ಅಲ್ಲಿಯವರೆಗೆ ಅವನು ದಿನಾ ಒಂದು ಕೊಡ ಹಳೆಯ ನೀರು ಮೊಗೆದು ಚೆಲ್ಲಿ ಒಂದು ಕೊಡ ಹೊಸ ನೀರು ಹಾಕುತ್ತಿದ್ದ. ಈಗ ಮಸ್ಕಿಯ ಹಳ್ಳದ ಉಸುಕು ತೋಡಿ ತಂದ ನೀರು ಮನೆಯವರ ಗಂಟಲಿಗೇ ಸಾಲದು. ಮೀನಿಗೆ ಎಂದು ಬಾಯಿ ತೆರೆದರೆ ಅವ್ವ ಶಿವಬಸಮ್ಮ ಕೊಡ ಎತ್ತಿಕೊಂಡು ದೇವರ ಕೋಣೆ ಸೇರುತ್ತಿದ್ದಳು. ಹೀಗಾಗಿ ಪೆಟ್ಟಿಗೆಯ ನೀರು ನಿಂತಲ್ಲೇ ನಿಂತಿತ್ತು.

ಮೀನು ಮಾರಿದ ಹೈದರಾಬಾದಿನ ಮುದುಕ ಹೇಳಿದ್ದು ಒಂದೇ ಮಾತು: "ಪಾನಿ ಫಿರ್ತೇ ರಹನಾ ಮಿಯಾ. ಖಡಾ ಪಾನಿ ಮೌತ್." ನೀರು ತಿರುಗುತ್ತಿರಬೇಕು, ನಿಂತ ನೀರೇ ಸಾವು. ಅವನ ಅಂಗಡಿಯಲ್ಲಿ ನೀರು ತಿರುಗಿಸಲಿಕ್ಕೆ ಒಂದು ಪುಟ್ಟ ಪಂಪು ಇತ್ತು, ಕರೆಂಟಿನದು. ಮಸ್ಕಿಯಲ್ಲಿ ಆಗ ಕರೆಂಟು ಎಂದರೆ ಮಳೆಗಾಲದಲ್ಲಿ ಗುಡ್ಡದ ಮೇಲೆ ಬೀಳುವ ಸಿಡಿಲು.

ಅಷ್ಟಕ್ಕೂ ಲಿಂಗವಂತರ ಮನೆಯಲ್ಲಿ ಮೀನು ಯಾಕೆ ಬಂತು ಎಂದು ಊರೇ ಕೇಳಿತ್ತು. ಅಮರಗುಂಡಪ್ಪನ ಉತ್ತರ ಒಂದೇ: ನನಗೆ ಬೇಕಿತ್ತು, ತಂದುಕೊಂಡೆ. ಅಪ್ಪ ಶಿವಶರಣಪ್ಪ ಬಟ್ಟೆಯ ವ್ಯಾಪಾರಿ. ಮಗನನ್ನು ನಾಲ್ಕನೇ ಜಮಾತಿಗೇ ಸಾಲಿ ಬಿಡಿಸಿ ಕೈಗೆ ಗಜಕೋಲು ಕೊಟ್ಟಿದ್ದ. ಸೈಕಲ್ ಕೇಳಿದರೆ ಬೇಡ ಎಂದ. ತುಂಗಭದ್ರೆಯ ಕಟ್ಟೆ ನೋಡಿಬರುತ್ತೇನೆಂದರೆ ಅದು ಇಲ್ಲೇ ಬರುತ್ತದೆ, ಕಾಲುವೆ ತೋಡುತ್ತಿದ್ದಾರಲ್ಲ ಎಂದ. ಅಂಗಡಿಯ ಮುಂದಿನ ತಗಡಿಗೆ ನೀಲಿ ಬಣ್ಣ ಹಚ್ಚೋಣ ಎಂದರೆ ಅದಕ್ಕೂ ಬೇಡ. ಇಪ್ಪತ್ತು ದಾಟಿದ ಮಗ ಕೇಳುವುದನ್ನೇ ಬಿಟ್ಟ. ಬಟ್ಟೆ ಖರೀದಿಗೆ ಹೈದರಾಬಾದಿಗೆ ಹೋದವನು ಮಣ್ಣಿನ ಗಡಿಗೆಯಲ್ಲಿ ಎರಡು ಕೆಂಪು ಮೀನು ಇಟ್ಟುಕೊಂಡು ಬಂದ. ದೇವರ ಪಟಕ್ಕೆ ಕಟ್ಟು ಹಾಕುವ ಮಸ್ತಾನಸಾಬನಿಂದ ನಾಲ್ಕು ಗಾಜು ಕೂಡಿಸಿ, ತಗಡಿನ ತಳ ಬಡಿಸಿ, ಸಂದಿಗೆ ಡಾಂಬರು ಬಳಿಸಿ ಪೆಟ್ಟಿಗೆ ಮಾಡಿಸಿದ. ಅದನ್ನು ನಡುಮನೆಯಲ್ಲೇ, ಅಪ್ಪ ಪೂಜೆಗೆ ಕೂಡುವ ಮಣೆಯ ಎದುರಿಗೇ ಇಟ್ಟ.

ಅಂದು ಶಿವಶರಣಪ್ಪ ಕೂಗಿದ್ದು ಬಜಾರಿಗೆಲ್ಲ ಕೇಳಿಸಿತ್ತು. ಅವನಿಗೆ ಸಿಟ್ಟು ಬಂದರೆ ಎದೆಯೊಳಗೆ ತಿದಿ ಹರಿದ ಹಾರ್ಮೋನಿಯಂ ನುಡಿಯುತ್ತಿತ್ತು. ಎಷ್ಟೋ ವರ್ಷದ ಸದ್ದು ಅದು, ಮನೆಯವರ ಕಿವಿಗೆ ಬೀಳುವುದನ್ನೇ ಬಿಟ್ಟಿತ್ತು. ಆ ಸದ್ದಿನ ನಡುವೆಯೇ ಅವನು ಹುಕುಂ ಮಾಡಿದ.

"ಜೀವ ಇರೋತನಕ ಅದೂ ಶಿವನ ಕೂಸು, ಇರಲಿ. ಸತ್ತರ ಅದು ಮಾಂಸ. ಈ ಮನಿಯಾಗ ಒಂದು ಮೀನು ಸತ್ತ ದಿನ ಅದನ್ನ ಒಂದು ಕೈಯಾಗ ಹಿಡಕೊಂಡು, ನಿನ್ನ ಅರಿವಿ ಗಂಟು ಇನ್ನೊಂದು ಕೈಯಾಗ ಹಿಡಕೊಂಡು ಹೊರಗ ನಡಿ."

ಮಗ ಒಪ್ಪಿದ. ಈ ಅಪ್ಪನ ಮುಂದೆ ಒಮ್ಮೆಯಾದರೂ ಗೆಲ್ಲಬೇಕು ಎಂಬುದು ಬಿಟ್ಟರೆ ಅವನಿಗೆ ಬೇರೆ ಹರಕೆ ಇರಲಿಲ್ಲ.

ಈಗ ಆ ಗೆಲುವು ನೀರಿನ ಮೇಲೆ ತೇಲಿ ಬಾಯಿ ಬಡಿಯುತ್ತಿತ್ತು.

ಅಪ್ಪ ಅಂಗಡಿಗೆ ಹೋಗುವುದನ್ನೇ ಕಾದಿದ್ದು ಅವನು ಅಡುಗೆಮನೆಗೆ ನುಗ್ಗಿ ಕೈಗೆ ಸಿಕ್ಕಿದ ಮಜ್ಜಿಗೆ ಕಡಗೋಲು ತಂದ. ಅದನ್ನು ಪೆಟ್ಟಿಗೆಯಲ್ಲಿ ಇಳಿಬಿಟ್ಟು ಗಿರಗಿರ ತಿರುವಿದ. ನೀರು ಸುತ್ತಿತು, ನೊರೆ ಬಂತು, ಮೀನುಗಳು ಜಾತ್ರೆಯ ತೊಟ್ಟಿಲಲ್ಲಿ ಕೂತ ಮುದುಕಿಯರಂತೆ ಕಣ್ಣು ಬಿಟ್ಟುಕೊಂಡು ಸುತ್ತಿದವು. ಆದರೆ ಬಾಯಿ ಬಡಿಯುವುದು ನಿಂತಿತು. ಅದೇ ಹೊತ್ತಿಗೆ ಪಕ್ಕದ ಮನೆಯ ಪಾರ್ವತೆಮ್ಮ ತಂಬಿಗೆ ಹಿಡಿದು ಮಜ್ಜಿಗೆ ಕೇಳಲು ಬಂದವಳು ಬಾಗಿಲಲ್ಲೇ ಕಲ್ಲಾದಳು. ಕಡಗೋಲು, ಅದರ ಕೆಳಗೆ ಮೀನು. ಶಿವಶರಣಪ್ಪನ ಮನೆಯಲ್ಲಿ ಎಂಥ ಸಾರು ಇದು ಎಂದು ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಸಾರಲ್ಲ, ಪಾರ್ವತತ್ತಿ," ಎಂದ ಅಮರಗುಂಡಪ್ಪ ತಿರುವುವುದನ್ನು ಬಿಡದೆ. "ಮೀನಿಗೆ ದಮ್ಮು ಹತ್ತೈತಿ. ನೀರು ತಿರುವಿದರ ಇಳೀತೈತಿ."

"ದಮ್ಮೇನೋ ಯಪ್ಪಾ?"

"ದಮ್ಮು."

ಪಾರ್ವತೆಮ್ಮ ತಂಬಿಗೆಯನ್ನು ಅಲ್ಲೇ ಬಿಟ್ಟು ಹೋದಳು. ಮಜ್ಜಿಗೆ ಮರೆತು ಹೋಗುವ ಹೆಂಗಸಿನ ತಲೆಯ ಮೇಲೆ ಅದಕ್ಕಿಂತ ಭಾರದ್ದೇನೋ ಇರುತ್ತದೆ ಎಂಬುದು ಅವನಿಗೆ ಆಗ ಹೊಳೆಯಲಿಲ್ಲ. ಹೊಳೆಯುವಷ್ಟರಲ್ಲಿ ಅವ್ವ ಬಂದು ಕಡಗೋಲು ಕಿತ್ತುಕೊಂಡು, ಇನ್ನು ಆ ಮಜ್ಜಿಗೆ ಯಾವ ಜಂಗಮರಿಗೆ ಬಡಿಸಲಿ ಎಂದು ಅಳುತ್ತ ಅದನ್ನು ಒಲೆಗೆ ತುರುಕಿದ್ದಳು.

ಮೀನುಗಳು ಮತ್ತೆ ಮೇಲೆ ಬಂದವು.

ಪಂಪು ಬೇಕು. ಅವನು ಸೈಕಲ್ ಅಂಗಡಿಯ ಇಸ್ಮಾಯಿಲ್‌ಸಾಬನ ಕಡೆ ಓಡಿದ. ಇಸ್ಮಾಯಿಲ್‌ಸಾಬ ಕಥೆ ಕೇಳಿ ನಕ್ಕರೂ ಹವಾ ಹೊಡೆಯುವ ಪಂಪು ಎತ್ತಿಕೊಂಡು, ಬಾಡಿಗೆಗೆ ಬಂದವರನ್ನು ನಿಲ್ಲಿಸಿ ಮನೆಗೇ ಬಂದ. ವಾಲ್‌ಟ್ಯೂಬಿನ ತುದಿ ನೀರಿಗೆ ಬಿಟ್ಟು ಒಮ್ಮೆ ಒತ್ತಿದ. ಗುಳುಗುಳು ಎಂದು ಗುಳ್ಳೆ ಎದ್ದವು, ಅಮರಗುಂಡಪ್ಪನ ಮುಖ ಅರಳಿತು. ಇಸ್ಮಾಯಿಲ್‌ಸಾಬನಿಗೆ ಅದೇ ಹುರುಪಾಗಿ ಎರಡನೆಯ ಸಲ ಲಾರಿಯ ಟ್ಯೂಬಿಗೆ ಒತ್ತಿದಂತೆ ಒತ್ತಿದ. ಎರಡೂ ಮೀನುಗಳು ಹಾರಿಹೋಗಿ, ಚುನಾವಣೆ ಮುಗಿದರೂ ಗೋಡೆ ಬಿಡದ ಕಾಗದಗಳಂತೆ ಗಾಜಿಗೆ ಅಂಟಿಕೊಂಡವು. ಮೂರನೆಯದಕ್ಕೆ ಪಂಪಿನ ಹೊಟ್ಟೆಯಲ್ಲಿದ್ದ ಎಣ್ಣೆ ಹೊರಬಂದು ನೀರಿನ ಮೇಲೆ ಕಾಮನಬಿಲ್ಲು ಹಾಸಿತು. ಅಮರಗುಂಡಪ್ಪ ತನ್ನ ಹೊಸ ಟವೆಲಿನಿಂದ ಎಣ್ಣೆ ಎತ್ತುತ್ತ ಇಸ್ಮಾಯಿಲ್‌ಸಾಬನ ಏಳು ತಲೆಮಾರನ್ನು ನೆನೆದ. ಇಸ್ಮಾಯಿಲ್‌ಸಾಬ ಬೇಸರ ಮಾಡಿಕೊಳ್ಳದೆ, ಇದು ರಸ್ತೆಯ ಮೇಲೆ ಓಡುವುದಕ್ಕೆ ಮಾಡಿದ ಪಂಪು, ಈಜುವುದಕ್ಕಲ್ಲ ಎಂದ. ಕಾಲುವೆ ಬರುತ್ತದೆಂದು ಸಿಂಧನೂರಿನಲ್ಲಿ ಈಗ ಮೂರು ಅಂಗಡಿಗೆ ಒಂದರಲ್ಲಿ ಪಂಪೇ ಮಾರುತ್ತಾರೆ, ಅಲ್ಲಿಗೆ ಹೋಗು ಎಂದ.

ಹೋಗಿ ಬರುವ ತನಕ ಮೀನು ಉಳಿಯಬೇಕಲ್ಲ. ಅವನು ಅವ್ವನ ಕಾಲು ಹಿಡಿದ. ಆಗಾಗ ಪೆಟ್ಟಿಗೆಯದೇ ಒಂದು ಚರಿಗೆ ನೀರು ಮೊಗೆದು ಮೇಲಿನಿಂದ ಸುರಿ, ಅಷ್ಟೇ ಸಾಕು ಎಂದ. ಶಿವಬಸಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, ಮುಖ ಅತ್ತ ತಿರುಗಿಸಿಕೊಂಡು ಚರಿಗೆ ಹಿಡಿದಳು.

"ಅವು ಸತ್ತರ ನೀ ಹೊಂಟು ಹೋಗ್ತಿ. ಅದಕ್ಕ ಸುರೀತೀನಿ. ಮೀನಿನ ಮ್ಯಾಲಿನ ಪ್ರೀತಿಗೆ ಅಂತ ತಿಳೀಬ್ಯಾಡ."

ಸಿಂಧನೂರಿನ ಬಸ್ಸಿನಲ್ಲಿ ಕಂಡಕ್ಟರ್ ಮೊದಲ್ಗೊಂಡು ಎಲ್ಲರಿಗೂ ಬಟ್ಟೆ ಅಂಗಡಿಯ ಹುಡುಗ ಮುಖ ಬಾಡಿಸಿಕೊಂಡು ಎಲ್ಲಿಗೆ ಹೊರಟಿದ್ದಾನೆ ಎಂಬುದು ಬೇಕಾಗಿತ್ತು. ಅವನು ಮುಚ್ಚಿಡಲಿಲ್ಲ. ಮೀನಿಗೆ ದಮ್ಮು, ಪಂಪು ತರಬೇಕು ಎಂದ. ಎಂಜಿನ್ನಿನ ಸದ್ದಿನಲ್ಲಿ ಮುಂದಿನ ಸೀಟಿನ ಮಾತು ಹಿಂದಿನ ಸೀಟಿಗೆ ಮುಟ್ಟುವಷ್ಟರಲ್ಲಿ ಕೈಕಾಲು ಮುರಿದುಕೊಳ್ಳುತ್ತಿತ್ತು. ಹಿಂದಿನವರು ಒಬ್ಬರಿಗೊಬ್ಬರು ಏನೋ ಹೇಳಿಕೊಂಡು, ಅವನನ್ನು ನೋಡಿ ಗೌರವದಿಂದ ತಲೆ ಆಡಿಸಿದರು. ಮೀನಿನ ಕಷ್ಟ ತಿಳಿಯುವ ಜನ ಇನ್ನೂ ಇದ್ದಾರೆ ಎಂದು ಅವನಿಗೆ ಎದೆ ತುಂಬಿ ಬಂತು.

ಸಿಂಧನೂರಿನ ಮೊದಲನೆಯ ಅಂಗಡಿಯಲ್ಲಿ ಆಂಧ್ರದ ಕಡೆಯ ರೆಡ್ಡಿಯೊಬ್ಬ ಎಂಜಿನ್ನುಗಳ ನಡುವೆ ತಾನೂ ಒಂದು ಎಂಜಿನ್ನಿನಂತೆ ಕೂತಿದ್ದ. ಜವಳಗೇರಾದ ನಾಲ್ಕಾರು ರೈತರು ಭತ್ತದ ಕನಸು ಕಾಣುತ್ತ ಕಬ್ಬಿಣವನ್ನು ತಟ್ಟಿ ನೋಡುತ್ತಿದ್ದರು. ಪಂಪು ಬೇಕು ಎಂದಕೂಡಲೇ ರೆಡ್ಡಿ ಎದ್ದು, ಹಸಿರು ಬಣ್ಣದ, ಎಮ್ಮೆಯಷ್ಟು ದೊಡ್ಡದೊಂದರ ಬೆನ್ನು ಚಪ್ಪರಿಸಿ, ಐದು ಹಾರ್ಸ್‌ಪವರ್, ಬಾವಿಯನ್ನು ಮಧ್ಯಾಹ್ನದೊಳಗೆ ಬರಿದು ಮಾಡುತ್ತದೆ ಎಂದ.

"ಎನ್ನಿ ಎಕರಾಲು? ಎಷ್ಟು ಎಕರೆ ನಿಮ್ದು?"

"ಎಕರೆ ಅಲ್ರಿ. ಇಷ್ಟು," ಎಂದು ಅಮರಗುಂಡಪ್ಪ ಎರಡು ಕೈ ಅಗಲಿಸಿ ತೋರಿಸಿದ. "ಒಂದೆರಡು ಮೊಳ. ನೀರು ಹೊರಗ ಹೋಗಬಾರದು. ಅಲ್ಲೇ ತಿರುಗಬೇಕು. ಒಳಗ ಮೀನು ಅದಾವ."

ಅಂಗಡಿ ನಕ್ಕಿತು. ಈ ಪಂಪು ಹಚ್ಚಿದರೆ ಮೀನು ನೇರ ಮಾನ್ವಿಯಲ್ಲಿ ಹೋಗಿ ಬೀಳುತ್ತವೆ, ಅಲ್ಲಿ ಒಬ್ಬನನ್ನು ಬುಟ್ಟಿ ಕೊಟ್ಟು ನಿಲ್ಲಿಸು ಎಂದು ರೈತನೊಬ್ಬ ಸಲಹೆ ಕೊಟ್ಟ. ಅಮರಗುಂಡಪ್ಪನಿಗೆ ಮೈಯೆಲ್ಲ ಉರಿಯಿತು.

"ಹೊಲ ಇದ್ದವರಿಗಷ್ಟ ನೀರು ತಿರುಗಬೇಕಂತ ಯಾವ ಕಾನೂನಿನಾಗೈತ್ರಿ?" ಎಂದ. "ನಿಮ್ಮ ಕಾಲುವಿ ಇನ್ನೂ ಬಂದಿಲ್ಲ. ನನ್ನ ನೀರು ಮನ್ಯಾಗ ಐತಿ. ಇವತ್ತಿನ ದಿನ ನಿಮಗಿಂತ ನಾನ ದೊಡ್ಡ ನೀರಾವರಿದಾರ."

ನಗು ಇನ್ನೂ ಜೋರಾಯಿತು. ಅವನು ತಲೆ ತಗ್ಗಿಸದೆ ಹೊರಬಂದ.

ಬೀದಿಯಲ್ಲಿ ಮಲೇರಿಯಾ ಇಲಾಖೆಯ ನೌಕರನೊಬ್ಬ ಹೆಗಲಿಗೆ ತಗಡಿನ ಡಬ್ಬಿ, ಕೈಯಲ್ಲಿ ಉದ್ದನೆಯ ಕೊಳವೆ ಹಿಡಿದು ಮನೆಗಳ ಗೋಡೆಗೆ ಔಷಧ ಹೊಡೆಯುತ್ತ ಬರುತ್ತಿದ್ದ. ಸಣ್ಣ ಪಂಪು, ಕೈಯಿಂದ ಒತ್ತುವಂಥದು, ಹದವಾಗಿ ಬರುವ ಧಾರೆ. ಅಮರಗುಂಡಪ್ಪನ ಕಣ್ಣು ಅದಕ್ಕೇ ಅಂಟಿಹೋಯಿತು. ಒಂದು ದಿನದ ಮಟ್ಟಿಗೆ ಕೊಡಲಾದೀತೇ ಎಂದು ಕೇಳಿದ. ನೌಕರನಿಗೂ ಹೆಗಲು ನೊಂದಿತ್ತು, ಒಯ್ಯಿ ಎಂದ. ಆದರೆ ಡಬ್ಬಿಯ ವಾಸನೆಗೆ ಅಮರಗುಂಡಪ್ಪ ಹಿಂದೆ ಸರಿದ. ಇದು ಮೀನಿಗೆ ನಡೆಯುತ್ತದೆಯೇ ಎಂದು ಕೇಳಿದ.

ನೌಕರ ಪ್ರಾಮಾಣಿಕ ಮನುಷ್ಯ. "ಸೊಳ್ಳಿ ಸಾಯ್ತಾವಂತ ನಾ ಗ್ಯಾರಂಟಿ ಕೊಡಂಗಿಲ್ಲ," ಎಂದ. "ಮೀನಿಂದು ಕೊಡ್ತೀನಿ."

ಬಿಸಿಲು ನೆತ್ತಿಗೆ ಬಂದಿತ್ತು. ಮಸ್ಕಿಯಲ್ಲಿ ಆ ಎರಡು ಬಾಯಿಗಳು ತೆರೆದು ಮುಚ್ಚುತ್ತಿರುವುದು ಅವನ ಕಣ್ಣ ಮುಂದೆಯೇ ಇತ್ತು. ಕೊನೆಗೆ ಪಾತ್ರೆ ಅಂಗಡಿಯೊಂದರ ಮೂಲೆಯಲ್ಲಿ, ಹೋಳಿ ಹುಣ್ಣಿಮೆಗೆ ಮಾರದೆ ಉಳಿದು ಧೂಳು ಹಿಡಿದಿದ್ದ ಹಿತ್ತಾಳೆಯ ಪಿಚಕಾರಿ ಕಾಣಿಸಿತು. ತೋಳಿನಷ್ಟು ಉದ್ದ. ಎಳೆದರೆ ನೀರು ಒಳಗೆ, ಒತ್ತಿದರೆ ಹೊರಗೆ. ಎಣ್ಣೆ ಇಲ್ಲ, ಒತ್ತುವ ಕೋಲಿನ ತುದಿಗೆ ಸುತ್ತಿದ ನೂಲು ಅಷ್ಟೇ. ಅವನು ಅಂಗಡಿಯವನ ಕುಡಿಯುವ ನೀರಿನ ಹರವಿಗೇ ಅದನ್ನು ಅದ್ದಿ, ತಳದಿಂದ ಎಳೆದು ಮೇಲಿನಿಂದ ಬಿಟ್ಟ. ನೀರು ಸುತ್ತು ಹಾಕಿತು, ಮಲಗಿದ ಕೂಸಿಗೆ ಎಚ್ಚರವಾಗದಷ್ಟು ಮೆತ್ತಗೆ. ಗಟ್ಟಿಯಾಗಿ ಒತ್ತಿ ನೋಡಿದ. ಧಾರೆ ಹಾರಿ ಎದುರಿನ ಅಂಗಡಿಯಲ್ಲಿ ಊಟಕ್ಕೆ ಕೂತವನ ರೊಟ್ಟಿಯನ್ನು ನೆನೆಸಿತು. ಎರಡೂ ಕೆಲಸಕ್ಕೆ ಬರುತ್ತದೆ. ಮಿರಗದಲ್ಲಿ ಬಣ್ಣ ಆಡುವ ಊರು ಯಾವುದು ಎಂದು ಅಂಗಡಿಯವನು ಕೇಳಿದ್ದಕ್ಕೆ ಉತ್ತರ ಕೊಡದೆ ಅಮರಗುಂಡಪ್ಪ ಪಿಚಕಾರಿಯನ್ನು ಕತ್ತಿಯಂತೆ ಹಿಡಿದು ಬಸ್ಸು ಹತ್ತಿದ.

ಮಸ್ಕಿಗೆ ಬಂದು ತನ್ನ ಓಣಿ ಹೊಕ್ಕಾಗ ಹೊತ್ತು ಮುಳುಗಲಿಕ್ಕೆ ಬಂದಿತ್ತು. ಮನೆಯ ಮುಂದೆ ಜನ. ಮೀನು ಸತ್ತಿರಬೇಕು ಎಂದುಕೊಂಡ. ಹತ್ತಿರ ಹೋದರೆ ಅಳುವಿನ ಸದ್ದಿಲ್ಲ, ಬೇರೇನೋ ಸದ್ದು. ಊರಿನ ಹಾರ್ಮೋನಿಯಂಗಳೆಲ್ಲ ತಿದಿ ಹರಿದುಕೊಂಡು ಒಂದೇ ಕಡೆ ಕೂತಂತೆ ಗೊರಗೊರ, ಸುಯ್‌ಸುಯ್. ಮುದುಕರು, ಮುದುಕಿಯರು, ಕಂಬಳಿ ಹೊದ್ದವರು, ಕಟ್ಟೆ ತುಂಬ. ಗುರುಗುಂಟಾದಿಂದ ಬಂಡಿ ಕಟ್ಟಿಸಿಕೊಂಡು ಬಂದವನೊಬ್ಬ. ಸುತ್ತಲಿನ ಹಳ್ಳಿಗಳಿಂದ ಇಸ್ಮಾಯಿಲ್‌ಸಾಬನ ಬಾಡಿಗೆ ಸೈಕಲ್‌ಗಳ ಹಿಂದಿನ ಕ್ಯಾರಿಯರ್ ಮೇಲೆ ಕೂತು ಬಂದವರು ಎಷ್ಟೋ. ಪಾರ್ವತೆಮ್ಮ ನಡುವೆ ನಿಂತು ಯಾರ ಹಿಂದೆ ಯಾರು ಎಂದು ಹೇಳುತ್ತಿದ್ದಳು.

ಬಂಡಿಯ ಮುದುಕ ಅವನನ್ನು ಕಂಡು ಕೈ ಮುಗಿದ. "ದಮ್ಮಿಗೆ ಮೀನು ಕೊಡ್ತೀಯಂತಲ್ಲೋ, ನನ್ನಪ್ಪ. ಹೈದರಾಬಾದಿನತನ ಹೋಗಾಕ ನಮಗ ಉಸಿರಿಲ್ಲ."

ಅಮರಗುಂಡಪ್ಪನಿಗೆ ಆಗ ತಿಳಿಯಿತು. ಮಿರಗದ ದಿನ ಹೈದರಾಬಾದಿನಲ್ಲಿ ದಮ್ಮಿನವರಿಗೆ ಜೀವಂತ ಮೀನು ನುಂಗಿಸುವುದು ನಿಜಾಮನ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಅವನು ಬೆಳಗ್ಗೆ ಮೀನಿಗೆ ದಮ್ಮು ಎಂದಿದ್ದ. ಆ ಮಾತು ಪಾರ್ವತೆಮ್ಮನ ಬಾಯಿಯಲ್ಲಿ ಓಣಿ ಸುತ್ತಿ, ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಊರೂರು ಇಳಿದು, ಅಂಗಾತ ಮಗುಚಿ ದಮ್ಮಿಗೆ ಮೀನು ಎಂದು ವಾಪಸು ಬಂದಿತ್ತು.

ಅವನು ಕಟ್ಟೆ ಹತ್ತಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ನಾನು ಹೇಳಿದ್ದು ದಮ್ಮಿಗೆ ಮೀನಲ್ಲ, ಮೀನಿಗೆ ದಮ್ಮು ಎಂದ. ಎರಡೂ ಅದೇ ಅಲ್ಲವೇ ಎಂದು ಜನ ಕೇಳಿದರು. ಅಲ್ಲ ಎಂದ. ಎರಡೇ ಮೀನು ಅದಾವಂತ, ಮುಂಚೆ ಬಂದವರು ನಾವು ಎಂದು ಮುಂದಿನವರು ಒತ್ತಿದರು. ಪಾಳಿ ಮುರಿಯಿತು. ಪಾರ್ವತೆಮ್ಮ, ಇಷ್ಟು ಮಂದಿ ಬಂದ ಮೇಲೆ ಇಲ್ಲ ಅನ್ನಬಾರದು, ಒಂದೊಂದನ್ನು ಚೂರು ಮಾಡಿ ಹಂಚು ಎಂದು ಒಳ್ಳೆಯ ಮಾತು ಹೇಳಿದಳು.

ಆಗ ಅವನ ತಲೆ ತಿರುಗಿತು. ಬಾಗಿಲ ಬಳಿ ಇದ್ದ ದನದ ಬಾನಿಯ ಮುಸುರೆ ನೀರಿಗೆ ಪಿಚಕಾರಿ ಅದ್ದಿ ಎಳೆದು ಜನರ ಕಡೆ ಹಿಡಿದ.

"ಕೇಳ್ರಿ ಎಲ್ಲಾರೂ. ಈ ಊರಾಗ ನಂದು ಅಂತ ಇರೋದು ಆ ಎರಡು ಜೀವ. ನಿಮ್ಮ ದಮ್ಮಿಗೆ ನಾ ಏನೂ ಮಾಡಲಾರೆ, ನನ್ನ ಕೈಯಾಗ ಔಷಧಿಲ್ಲ. ಆದರ ಈ ಹೊಸ್ತಿಲ ದಾಟಿ ಯಾವನರ ನನ್ನ ಮೀನು ಮುಟ್ಟಿದರ ಅವನಿಗೆ ದಮ್ಮಿನ ಜೋಡಿ ನೆಗಡಿನೂ ಹತ್ತಿಸಿ ಕಳಸ್ತೀನಿ."

ಯಾರೋ ನಕ್ಕು ಒಂದು ಹೆಜ್ಜೆ ಮುಂದಿಟ್ಟರು. ಅವನು ತಲೆಗಳ ಮೇಲಿನಿಂದ ಹಾಯುವಂತೆ ಒತ್ತಿದ. ಧಾರೆ ಹೋಗಿ ಪಾರ್ವತೆಮ್ಮನ ಹೊಸ ಇಳಕಲ್ ಸೀರೆಯ ಮೇಲೆ ಇಳಿಯಿತು. ಮಿಕ್ಕವರಿಗೆ ಅಷ್ಟು ಸಾಕಾಯಿತು. ಸಂಜೆಯ ತಣ್ಣೀರು ದಮ್ಮಿನವರಿಗೆ ಹಾವಿಗಿಂತ ಕೆಟ್ಟದು. ಕಂಬಳಿಗಳು ಎದ್ದವು, ಸೈಕಲ್‌ಗಳು ತಿರುಗಿದವು, ಬಂಡಿಯ ಎತ್ತುಗಳಿಗೂ ಅವಸರವಾಯಿತು. ಅವನು ಮತ್ತೆ ಮತ್ತೆ ತುಂಬಿ ಓಣಿಯ ತಿರುವಿನವರೆಗೂ ಧಾರೆ ಬಿಟ್ಟ. ಕಟ್ಟೆ ಬರಿದಾಯಿತು. ಎದುರು ನಿಂತ ಜನ ಅವನ ಮಾತಿಗೆ ಹಿಂದೆ ಸರಿದದ್ದು ಅವನ ಜನ್ಮದಲ್ಲಿ ಇದೇ ಮೊದಲು. ಅಮರಗುಂಡಪ್ಪ ಎದೆ ಸೆಟೆಸಿ ಒಳಗೆ ನಡೆದ.

ಪೆಟ್ಟಿಗೆಯಲ್ಲಿ ನೀರು ಇತ್ತು. ಮೀನು ಇರಲಿಲ್ಲ.

ಶಿವಬಸಮ್ಮ ಕಂಬಕ್ಕೆ ಆತು, ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಎದುರಿನ ಮಣೆಯ ಮೇಲೆ ಶಿವಶರಣಪ್ಪ ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ಹಣೆಗೆ ಹೊಸ ವಿಭೂತಿ ಹಚ್ಚಿಕೊಂಡು ಕೂತಿದ್ದ. ಒಂದು ಕೈ ಎದೆಯ ಲಿಂಗದ ಮೇಲೆ. ಇನ್ನೊಂದು ಹೊಟ್ಟೆಯ ಮೇಲೆ.

ಮಗ ಅಪ್ಪನ ಮುಖ ನೋಡಿದ, ಪೆಟ್ಟಿಗೆ ನೋಡಿದ, ಮತ್ತೆ ಅಪ್ಪನ ಹೊಟ್ಟೆ ನೋಡಿದ.

"ಎರಡೂ?" ಎಂದ.

"ಒಂದರಾಗ ಗುಣ ಕಾಣಲಿಲ್ಲ," ಎಂದ ಶಿವಶರಣಪ್ಪ ಕಣ್ಣು ತೆರೆಯದೆ.

ಅಮರಗುಂಡಪ್ಪನಿಗೆ ಕೂಗಬೇಕೆನಿಸಿತು. ಲಿಂಗವಂತ, ಮಠದ ಭಕ್ತ, ಸತ್ತರೆ ಅದು ಮಾಂಸ ಎಂದವರು, ಊರಿಗೆಲ್ಲ ನೀತಿ ಹೇಳುವವರು ಎಂದು ಒಂದೊಂದಾಗಿ ಎಣಿಸಿ ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಅಪ್ಪ ಕಣ್ಣು ಬಿಟ್ಟು ನೋಡಿದ. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ.

"ಮೀನಿಗೆ ದಮ್ಮು ಹತ್ತಿದ್ದು ನಿನಗ ಒಂದ ಮುಂಜಾನಿಗೆ ಕಂಡತು. ಪಂಪು ತರಾಕ ಸಿಂಧನೂರಿಗೆ ಓಡಿದಿ," ಎಂದ. "ನೀ ಹುಟ್ಟೋಕಿಂತ ಮುಂಚಿಲಿಂದ ನಾ ಈ ಮನ್ಯಾಗ ಬಾಯಿ ಬಡಕೊಂತ ಕುಂತೀನಿ, ಅಮರ್ಯಾ. ನನಗ್ಯಾರೂ ಪಂಪು ತರಲಿಲ್ಲ."

ಅಮರಗುಂಡಪ್ಪನ ಬಾಯಿ ತೆರೆದದ್ದು ಹಾಗೇ ಮುಚ್ಚಿತು. ಆ ಹಾರ್ಮೋನಿಯಂ ಮೊದಲ ಸಲ ಅವನಿಗೆ ಕೇಳಿಸಿತು. ಅವನು ಮೂಲೆಯಲ್ಲಿದ್ದ ತನ್ನ ಬಟ್ಟೆಗಳನ್ನು ಗಂಟು ಕಟ್ಟತೊಡಗಿದ.

"ಎಲ್ಲಿಗೆ?"

"ಮಾತು ಮಾತ ಅಲ್ಲೇನ್ರಿ. ಮೀನು ಸತ್ತರ ನಾ ಹೊರಗ ಅಂದಿದ್ರಿ."

"ಯಾರು ಅಂದರು ಸತ್ತಾವಂತ?" ಶಿವಶರಣಪ್ಪ ನೆಟ್ಟಗೆ ಕೂತ. "ಲಿಂಗ ಕಟ್ಟಿದ ಮೈ ಇದು. ಇದರಾಗ ಮೀನಿನ ಹೆಣ ಐತಿ ಅಂತ ಆದರ ನಾಳೆ ಸ್ವಾಮಿಗಳ ಮುಂದ ನಾ ಯಾವ ಮುಖ ತೋರಸಲಿ? ಜೀವಂತ ಒಳಗ ಹೋಗ್ಯಾವ, ಜೀವಂತ ಆಡಾಕತ್ತಾವ. ಇಲ್ಲೆ, ನೋಡು." ಹೊಟ್ಟೆಯ ಎಡಗಡೆ ಬೆರಳಿಟ್ಟು ತೋರಿಸಿದ. "ಅಂದಿನ ಮಾತು ಹಂಗ ಐತಿ. ಅವು ಸತ್ತರ ನೀ ಹೊರಗ. ಬದುಕಿಸಿಕೋ. ಕೈಯಾಗ ಏನದು?"

"ಪಿಚಕಾರಿ."

"ನೀರು ತಿರುಗಸ್ತೈತೇನು?"

"ತಿರುಗಸ್ತೈತಿ."

ಶಿವಶರಣಪ್ಪ ಗೋಡೆಗೆ ಒರಗಿ, ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದ.

ಅಮರಗುಂಡಪ್ಪ ಗಂಟನ್ನು ಕೆಳಗಿಟ್ಟ. ದೇವರ ಕೋಣೆಯಲ್ಲಿ ಅವ್ವ ಬಚ್ಚಿಟ್ಟ ಕೊಡವನ್ನು ಯಾರನ್ನೂ ಕೇಳದೆ ಎತ್ತಿಕೊಂಡು ಬಂದ. ಪಿಚಕಾರಿಯನ್ನು ಮೂರು ಸಲ ತೊಳೆದ, ಅದ್ದಿದ, ಹಿಡಿ ಕೊನೆಗೆ ಮುಟ್ಟುವ ತನಕ ಎಳೆದ. ಅಪ್ಪನ ಎದುರು ಮೊಣಕಾಲೂರಿ ಕೂತ.

"ಇನ್ನಾ ಅಗಲ ತೆರೀರಿ, ಅಪ್ಪಾ," ಎಂದ. "ಖಡಾ ಪಾನಿ ಮೌತ್."